ಕಾಡಿನೊಳಗಿನ ಗೋಡೆ, ನಮ್ಮೂರ ವ್ಯೂ ಪಾಯಿಂಟು

ಹೊರಡೋ ಹಿಂದಿನ ರಾತ್ರಿ ಚಿಕ್ಕಪ್ಪನ ಮಗ ಊರಿಂದ ಒಂದು ವಾಯ್ಸ್ ಮೆಸೇಜ್ ಹಾಕಿದ್ದ. "ಅಣ್ಣ, ಅಲ್ಲಿ ವ್ಯೂ ಪಾಯಿಂಟೆಲ್ಲ ಹೆಂಗೆ ಮಾಡಿದಾರೆ ಸರಿಯಾಗಿ ನೋಡ್ಕೊಂಡು ಬಾ. ಪಾರ್ಕಿಂಗು, ಬೋರ್ಡು, ಬೇಲಿ, ಎಲ್ಲದರ ಫೋಟೋ ತೆಗಿ. ನಮ್ಮ ಮೇಲ್ಗದ್ದೆಲಿ ಹಂಗೇ ಮಾಡೋಣ ಅಂತಿದೀನಿ."

ಮೇಲ್ಗದ್ದೆ ಅಂದರೆ ಸಕಲೇಶಪುರದ ಕಡೆ ನಮ್ಮೂರಿನಲ್ಲಿ ಗುಡ್ಡದ ಬದಿಗೆ ಮೆಟ್ಟಿಲಿನ ಹಾಗೆ ಇರುವ ಏಳು ಗದ್ದೆ. ಎಂಟು ವರ್ಷದಿಂದ ನಾಟಿ ಇಲ್ಲ. ಆಳು ಸಿಗಲ್ಲ, ಸಿಕ್ಕರೂ ಭತ್ತದ ರೇಟಿಗೆ ಕೂಲಿ ಗಿಟ್ಟಲ್ಲ, ಅದೂ ಗಿಟ್ಟಿತು ಅನ್ನೋ ವರ್ಷ ಆನೆ ಬಂತು. ಈಗ ಅರ್ಧ ಲಂಟಾನ. ಅಲ್ಲಿ ಹತ್ತು ಟೆಂಟು, ಒಂದು ಡೆಕ್ಕು, ರಾತ್ರಿ ಬೆಂಕಿ ಹಾಕೋಕೆ ಜಾಗ ಮಾಡಿದರೆ ಬೆಂಗಳೂರಿನವರು ವೀಕೆಂಡಿಗೆ ಬರ್ತಾರೆ ಅನ್ನೋದು ತಮ್ಮನ ಲೆಕ್ಕ. ಜಮೀನು ಜಂಟಿ ಖಾತೇಲಿ ಇದೆ. ಅಪ್ಪ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ನನ್ನ ಸಹಿಯೂ ಬೇಕು.

ಹಾಗಾಗಿ ಒಂಬತ್ತು ದಿನದ ಈ ಪ್ರವಾಸಕ್ಕೆ ನಾನು ಹೋಂವರ್ಕ್ ಇಟ್ಟುಕೊಂಡೇ ಹೋದೆ. ನಾನು, ಹೆಂಡತಿ, ದಾವಣಗೆರೆಯ ಒಬ್ಬ ಸಹೋದ್ಯೋಗಿ ಮತ್ತು ಅವನ ಹೆಂಡತಿ. ಬಾಡಿಗೆ ಕಾರು, ಎರಡು ಟೆಂಟು, ಒಂದು ಗ್ಯಾಸ್ ಒಲೆ, ಪುಳಿಯೋಗರೆ ಗೊಜ್ಜಿನ ಡಬ್ಬ. ನ್ಯೂಜೆರ್ಸಿಯಿಂದ ಹೊರಟು ನ್ಯೂಯಾರ್ಕ್ ರಾಜ್ಯದ ನಯಾಗರ, ಅಲ್ಲಿಂದ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಕೊನೆಗೆ ಮೇಯ್ನ್. ಅಮೆರಿಕದ ಈಶಾನ್ಯ ಮೂಲೆ.

ಸಿನಿಮಾಕ್ಕೆ ವಿಮರ್ಶೆ ಬರೆಯುತ್ತೇವೆ. ದರ್ಶಿನಿಯ ದೋಸೆಗೂ ಬರೆಯುತ್ತೇವೆ. ನೋಡುವ ಜಾಗಕ್ಕೆ ಮಾತ್ರ ನಾಲ್ಕೂವರೆ ಸ್ಟಾರು, "ಸೂಪರ್ ವ್ಯೂ, ಪಾರ್ಕಿಂಗ್ ಕಷ್ಟ" ಅಂತ ಮುಗಿಸುತ್ತೇವೆ. ಬೆಟ್ಟ ಯಾರೂ ಮಾಡಿದ್ದಲ್ಲ, ನಿಜ. ಆದರೆ ಕಾರು ಎಲ್ಲಿ ನಿಲ್ಲಬೇಕು, ಯಾವ ಮರ ಕಡಿದರೆ ಬೆಟ್ಟ ಕಾಣುತ್ತೆ, ಬೋರ್ಡಿನಲ್ಲಿ ಏನು ಬರೆಯಬೇಕು, ಏನು ಬಿಡಬೇಕು, ಇದನ್ನೆಲ್ಲ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ಅಷ್ಟಾದ ಮೇಲೆ ಅದು ಒಂದು ಕೃತಿಯೇ. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಹಕ್ಕು ನೋಡುವವನಿಗೆ ಬಂತು.

ಮೊದಲು ನಯಾಗರ. ನೀರಿನ ಬಗ್ಗೆ ಹೇಳೋಕೆ ನನ್ನ ಹತ್ತಿರ ಹೊಸದೇನೂ ಇಲ್ಲ. ಬಾಯಿ ಮುಚ್ಚಿಸುವಷ್ಟು ದೊಡ್ಡದು. ಆದರೆ ಆ ನೀರು ಗಡಿಯಾರ ನೋಡಿಕೊಂಡು ಬೀಳುತ್ತೆ. ಅಮೆರಿಕ ಮತ್ತು ಕೆನಡಾದ ನಡುವೆ 1950ರಲ್ಲಿ ಆದ ಒಪ್ಪಂದದ ಪ್ರಕಾರ ಪ್ರವಾಸಿಗರ ಕಾಲದಲ್ಲಿ ಹಗಲು ಕನಿಷ್ಠ 1 ಲಕ್ಷ ಕ್ಯೂಸೆಕ್ ಬಿಡಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ 50 ಸಾವಿರ ಸಾಕು. ಉಳಿದ ನೀರು ಸುರಂಗ, ಕಾಲುವೆ ಹಿಡಿದು ಕರೆಂಟು ಮಾಡೋಕೆ ಹೋಗುತ್ತೆ. ಕಾವೇರಿ ಸುದ್ದಿ ಓದಿ ಬೆಳೆದ ನಮಗೆ ಕ್ಯೂಸೆಕ್ ಅಂದರೆ ಅರ್ಥ ಹೇಳಬೇಕಾಗಿಲ್ಲ. 1969ರಲ್ಲಿ ಬಂಡೆ ಪರೀಕ್ಷೆ ಮಾಡೋಕೆ ಅಂತ ಅಮೆರಿಕದ ಬದಿಯ ಜಲಪಾತವನ್ನು ಕೆಲವು ತಿಂಗಳು ಪೂರ್ತಿ ನಿಲ್ಲಿಸಿಯೇ ಬಿಟ್ಟಿದ್ದರು. ನಮ್ಮ ಮನೆ ನಲ್ಲಿಯ ಹಾಗೆ!

ಇಷ್ಟು ಸ್ವಾರಸ್ಯದ ಸಂಗತಿ ನಾವು ನಿಂತ ಕಟಕಟೆಯ ಹತ್ತಿರ ಎಲ್ಲೂ ಕಣ್ಣಿಗೆ ಬೀಳಲಿಲ್ಲ. ಕೆಲವು ಮೈಲಿ ಆಚೆ ಲೂಯಿಸ್ಟನ್‌ನಲ್ಲಿ ವಿದ್ಯುತ್ ಕೇಂದ್ರದ ಪ್ರದರ್ಶನ ಇದೆ, ಅಲ್ಲಿ ಎಲ್ಲ ಹೇಳುತ್ತಾರೆ. ಅಂದರೆ ಸೌಂದರ್ಯಕ್ಕೆ ಒಂದು ಸ್ಟಾಪು, ಕೆಲಸಕ್ಕೆ ಇನ್ನೊಂದು. ಜೋಗದಲ್ಲಿ ಹೀಗಲ್ಲ. ಹಿಂದೆ ಲಿಂಗನಮಕ್ಕಿ ಇದೆ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಗೇಟು ತೆಗೆದರಂತೆ ಅಂತ ಸುದ್ದಿ ಬಂದ ಮೇಲೇ ಎಷ್ಟೋ ಜನ ಕಾರು ಹತ್ತೋದು. ನೀರು ಕಮ್ಮಿ ಇದ್ದರೆ ಬಯ್ಯುತ್ತೇವೆ, ಆದರೆ ಯಾರನ್ನು ಬಯ್ಯಬೇಕು ಅಂತ ಗೊತ್ತಿದ್ದು ಬಯ್ಯುತ್ತೇವೆ.

ವರ್ಮಾಂಟಿಗೆ ಬಂದ ಕೂಡಲೇ ಏನೋ ಇಲ್ಲವಲ್ಲ ಅನ್ನಿಸಿತು. ಅರ್ಧ ಗಂಟೆ ಆದ ಮೇಲೆ ಹೊಳೆಯಿತು: ಜಾಹೀರಾತಿನ ದೊಡ್ಡ ಹೋರ್ಡಿಂಗುಗಳಿಲ್ಲ. 1968ರಲ್ಲಿ ಕಾನೂನು ಮಾಡಿ ನಿಷೇಧಿಸಿದ್ದಾರೆ. ತಮ್ಮನಿಗೆ ಮೊದಲ ಟಿಪ್ಪಣಿ ಅದೇ ಬರೆದೆ. ವಾಟರ್‌ಬರಿಯ ಐಸ್‌ಕ್ರೀಮ್ ಫ್ಯಾಕ್ಟರಿಯಲ್ಲಿ ನಿಂತುಹೋದ ಫ್ಲೇವರುಗಳಿಗೆ ಸಮಾಧಿ ಕಟ್ಟಿದ್ದಾರೆ. ಒಂದು ಫೋಟೋ, ಎರಡು ಸ್ಕೂಪು, ಮುಗಿಯಿತು.

ಅವತ್ತು ರಾತ್ರಿ ಬೆಟ್ಟದ ಮೇಲಿನ ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ಟೆಂಟ್ ಹಾಕಿದೆವು. ಹೊರಗಿನ ಸೌದೆ ತರಬಾರದು, ಅದರ ಜೊತೆ ಮರ ತಿನ್ನುವ ಹುಳ ಬರುತ್ತೆ. ಅಲ್ಲೇ ಕಟ್ಟು ಲೆಕ್ಕದಲ್ಲಿ ಕೊಳ್ಳಬೇಕು. "ಕಾಡಲ್ಲಿ ಕೂತು ಸೌದೆ ಕೊಳ್ಳೋದಾ?" ಅಂತ ನನ್ನವಳಿಗೆ ನಗು. ಸಹೋದ್ಯೋಗಿ ಕುರ್ಚಿ ಹಾಕಿಕೊಂಡು ಮರಗಳನ್ನು ನೋಡುತ್ತಾ, "ನೋಡೋ, ಮನುಷ್ಯನ ಕೈಯೇ ಬಿದ್ದಿಲ್ಲ ಇಲ್ಲಿ" ಅಂದ. ಅವನು ಹಾಗನ್ನುವಾಗ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಕಣ್ಣು ತೊಳೆಯೋಕೆ ಎದ್ದವನು ಹಾಗೇ ಟೆಂಟಿನ ಹಿಂದಕ್ಕೆ ನಡೆದೆ. ಮೂವತ್ತು ಹೆಜ್ಜೆ ಹೋಗಿಲ್ಲ, ಕಾಲಿಗೆ ಗೋಡೆ ಸಿಕ್ಕಿತು.

ಸೊಂಟದೆತ್ತರದ ಕಲ್ಲಿನ ಗೋಡೆ. ಗಾರೆ ಇಲ್ಲ, ಸಿಮೆಂಟಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದು. ಪಾಚಿ ಹಿಡಿದಿದೆ. ನೆಟ್ಟಗೆ ಕಾಡಿನೊಳಕ್ಕೆ ಹೋಗುತ್ತೆ, ಒಂದು ಕಡೆ ತೊಂಬತ್ತು ಡಿಗ್ರಿ ತಿರುಗುತ್ತೆ, ಮತ್ತೆ ಹೋಗುತ್ತೆ. ಈ ಬದಿಗೂ ಮೇಪಲ್, ಆ ಬದಿಗೂ ಮೇಪಲ್, ಹೆಚ್ಚು ಕಮ್ಮಿ ಒಂದೇ ದಪ್ಪ. ಇನ್ನೊಂದಿಷ್ಟು ಮುಂದೆ ಚೌಕಾಕಾರದ ಒಂದು ಗುಂಡಿ, ನಾಲ್ಕೂ ಬದಿಗೆ ಕಲ್ಲು ಕಟ್ಟಿದ್ದು, ಪಕ್ಕದಲ್ಲಿ ಕಾಡಾಗಿ ಬೆಳೆದ ಒಂದು ಸೇಬಿನ ಮರ. ಹಳ್ಳಿಯವನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಕಾಡಿನ ಮಧ್ಯ ಯಾವನೂ ಗೋಡೆ ಕಟ್ಟಲ್ಲ. ಅದು ಹೊಲ. ಗುಂಡಿ ಇದ್ದದ್ದು ಮನೆ.

ಆಮೇಲೆ ಓದಿ ತಿಳಿದದ್ದು ಇಷ್ಟು. ಹಿಮಯುಗದ ನೀರ್ಗಲ್ಲುಗಳು ಎಳೆದು ತಂದು ಹಾಕಿದ ಕಲ್ಲು ಈ ನೆಲದ ತುಂಬ ಇದೆ. ಪ್ರತಿ ಚಳಿಗಾಲ ನೆಲ ಹೆಪ್ಪುಗಟ್ಟಿ ಉಬ್ಬಿದಾಗ ಕೆಳಗಿನ ಕಲ್ಲು ಮೇಲಕ್ಕೆ ಬರುತ್ತೆ. ರೈತ ಪ್ರತಿ ವಸಂತದಲ್ಲಿ ಹೊಸದಾಗಿ ಆರಿಸಿ, ಎತ್ತು ಕಟ್ಟಿ ಎಳೆದು, ಹೊಲದ ಅಂಚಿಗೆ ಪೇರಿಸಬೇಕು. ಮುಂದಿನ ವರ್ಷ ಮತ್ತೆ ಅಷ್ಟೇ ಕಲ್ಲು. ನ್ಯೂ ಇಂಗ್ಲೆಂಡಿನಲ್ಲಿ ಇಂಥ ಗೋಡೆ ಒಟ್ಟು 2,40,000 ಮೈಲಿಯಷ್ಟು ಇದ್ದಿರಬೇಕು ಅಂತ, 1871ರ ಬೇಲಿ ಗಣತಿಯನ್ನು ಹಿಡಿದು ಮಾಡಿದ ಒಂದು ಅಂದಾಜಿದೆ. 1840ರಲ್ಲಿ ವರ್ಮಾಂಟಿನಲ್ಲಿ ಜನ ಮೂರು ಲಕ್ಷದ ಒಳಗೆ, ಕುರಿ ಹದಿನಾರು ಲಕ್ಷದ ಮೇಲೆ. ಈ ಬೆಟ್ಟಗಳೆಲ್ಲ ಬೋಳು, ಬರೀ ಹುಲ್ಲುಗಾವಲು. 1825ರಲ್ಲಿ ಎರಿ ಕಾಲುವೆ ತೆರೆದಿತ್ತು. ಒಹಾಯೋ ಕಡೆಯ ಕಲ್ಲಿಲ್ಲದ ಸಪಾಟು ಮಣ್ಣು ಕೈಗೆ ಸಿಕ್ಕಿತು. ಉಣ್ಣೆಯ ಬೆಲೆ ಬಿತ್ತು. ನದಿ ಬದಿಯ ಮಿಲ್ಲುಗಳಲ್ಲಿ ಸಂಬಳ ಸಿಗುತ್ತಿತ್ತು. ಮೊದಲು ದೊಡ್ಡ ಮಗ ಹೋದ, ಆಮೇಲೆ ಮಗಳು, ಕೊನೆಗೆ ಮನೆ. ಬೀಗ ಹಾಕಿದ ಹೊಲಕ್ಕೆ ಕಾಡು ವಾಪಸ್ ಬಂತು. ಇವತ್ತು ವರ್ಮಾಂಟಿನ ಸುಮಾರು ಮುಕ್ಕಾಲು ಭಾಗ ಕಾಡು.

ನಮ್ಮ ಕ್ಯಾಂಪಿನ ಬಾಗಿಲಿನ ಬೋರ್ಡಿನಲ್ಲಿ ಕರಡಿಯ ಬಗ್ಗೆ ಇತ್ತು, ಹಕ್ಕಿಗಳ ಬಗ್ಗೆ ಇತ್ತು, ಮರಗಳ ಹೆಸರಿತ್ತು. ಗೋಡೆಯ ಬಗ್ಗೆ ಒಂದು ಸಾಲಿಲ್ಲ.

ಅವತ್ತು ರಾತ್ರಿ ನಿದ್ದೆ ಬೇಗ ಬರಲಿಲ್ಲ. ಮೇಲ್ಗದ್ದೆ ಇನ್ನೊಂದು ಐವತ್ತು ವರ್ಷ ಹೀಗೇ ಬಿಟ್ಟರೆ ಇಷ್ಟೇ ದಪ್ಪದ ಮರ ಬರುತ್ತೆ. ಆಗ ಯಾರೋ ಟೆಂಟ್ ಹಾಕಿಕೊಂಡು ಕೂತು, ಮನುಷ್ಯನ ಕೈಯೇ ಬಿದ್ದಿಲ್ಲ ಅಂತಾರೆ. ಐವತ್ತು ವರ್ಷ ಯಾಕೆ, ತಮ್ಮ ಡೆಕ್ಕು ಕಟ್ಟಿದರೆ ಮುಂದಿನ ಸೀಸನ್ನಿಗೇ ಅಂತಾರೆ.

ಅಲ್ಲಿಂದ ಮುಂದೆ ಪ್ರತಿ ಸ್ಟಾಪಿಗೂ ನನ್ನದು ಒಂದೇ ಪ್ರಶ್ನೆ: ಇಲ್ಲಿ ಬದುಕಿದವರು ಎಲ್ಲಿ ಹೋದರು ಅಂತ ಈ ಜಾಗ ಹೇಳುತ್ತಾ?

ಬ್ಯಾರಿ ಅನ್ನೋ ಊರು ಹೇಳುತ್ತೆ. ನೂರಾರು ಅಡಿ ಆಳದ ಗ್ರಾನೈಟ್ ಕ್ವಾರಿಯ ಅಂಚಿನಲ್ಲಿ ನಿಂತು ನೋಡುವುದು ಒಂದು ಸ್ಟಾಪು. ಆದರೆ ನೋಡಬೇಕಾದದ್ದು ಅದಲ್ಲ, ಹೋಪ್ ಸ್ಮಶಾನ. ಪ್ರವಾಸಕ್ಕೆ ಬಂದು ಸ್ಮಶಾನಕ್ಕೆ ಹೋಗೋದಾ ಅಂತ ಕಾರಿನಲ್ಲಿ ಸಣ್ಣ ಜಗಳವೇ ಆಯಿತು. ಇಟಲಿ, ಸ್ಕಾಟ್ಲೆಂಡಿನಿಂದ ಬಂದ ಕಲ್ಲುಕುಟಿಗರು ಊರಿನ ಅದೇ ಬೂದು ಕಲ್ಲಿನಲ್ಲಿ ತಮ್ಮವರಿಗೆ, ಕೆಲವು ಸಲ ತಮಗೇ, ಗೋರಿ ಕೆತ್ತಿಕೊಂಡಿದ್ದಾರೆ. ಒಂದು ಆರಾಮಕುರ್ಚಿ, ಒಂದು ರೇಸ್ ಕಾರು, ಒಂದು ಫುಟ್‌ಬಾಲು, ಹಾಸಿಗೆಯಲ್ಲಿ ಕೈ ಕೈ ಹಿಡಿದು ಕೂತ ಗಂಡ ಹೆಂಡತಿ. ಎಲಿಯಾ ಕೊರ್ತಿ ಅನ್ನುವ ಶಿಲ್ಪಿ 1903ರಲ್ಲಿ ಕಾರ್ಮಿಕರ ಸಭಾಂಗಣದಲ್ಲಿ ನಡೆದ ಗಲಾಟೆಯಲ್ಲಿ ಗುಂಡು ತಗುಲಿ ಸತ್ತವನು. ಆಳೆತ್ತರದ ಪ್ರತಿಮೆಯಾಗಿ ಕೂತಿದ್ದಾನೆ, ಪಕ್ಕದಲ್ಲಿ ಅವನ ಉಳಿ ಸುತ್ತಿಗೆ. ಕೋಟಿನ ಗುಂಡಿಯವರೆಗೂ ಕಲ್ಲು ಅಂತ ನಂಬೋಕಾಗಲ್ಲ.

ಆಮೇಲೆ ಲೂಯಿಸ್ ಬ್ರೂಸಾನ ಗೋರಿ. ಸಾಯುತ್ತಿರುವ ಗಂಡಸನ್ನು ಒಬ್ಬ ಹೆಂಗಸು ತೋಳಿನಲ್ಲಿ ಹಿಡಿದಿದ್ದಾಳೆ. ಅವನೂ ಕಲ್ಲುಕುಟಿಗ, 1937ರಲ್ಲಿ ಸಿಲಿಕೋಸಿಸ್‌ನಿಂದ ಸತ್ತ. ಗಾಳಿಯಿಂದ ಓಡುವ ಯಂತ್ರದ ಉಳಿ ಬಂದಾಗ ಕೆಲಸ ಬೇಗ ಆಗತೊಡಗಿತು, ಧೂಳೂ ಅಷ್ಟೇ ಹೆಚ್ಚಾಯಿತು. ಚಳಿಗೆ ಶೆಡ್ಡಿನ ಬಾಗಿಲು ಹಾಕಿಕೊಂಡು ಕೆಲಸ. ಕಲ್ಲಿನ ಪುಡಿ ಶ್ವಾಸಕೋಶಕ್ಕೆ. ಧೂಳು ಎಳೆಯುವ ಯಂತ್ರಗಳು ಶೆಡ್ಡುಗಳಿಗೆ ಬರುವಷ್ಟರಲ್ಲಿ ಒಂದು ತಲೆಮಾರು ಈ ಸ್ಮಶಾನ ಸೇರಿತ್ತು. ಜಗಳ ಆಡಿದ್ದವರೆಲ್ಲ ಇದರ ಮುಂದೆ ಸುಮ್ಮನೆ ನಿಂತರು. ಟಿಕೆಟ್ಟಿಲ್ಲ, ಡೆಕ್ಕಿಲ್ಲ, ಸೆಲ್ಫಿ ಚೌಕಟ್ಟಿಲ್ಲ. ಇಡೀ ಪ್ರವಾಸದಲ್ಲಿ ನಾನು ಪೂರ್ತಿ ಅಂಕ ಕೊಡುವ ಜಾಗ ಇದೊಂದೇ, ಯಾಕಂದರೆ ಕೆಲಸ ಮಾಡಿದವರೇ ಇಲ್ಲಿ ಬೋರ್ಡು ಬರೆದಿದ್ದಾರೆ.

ನ್ಯೂ ಹ್ಯಾಂಪ್‌ಶೈರಿನ ಫ್ರಾಂಕೋನಿಯಾ ಕಣಿವೆಯಲ್ಲಿ ಒಂದು ವಿಚಿತ್ರ ಸ್ಟಾಪಿದೆ. ಅಲ್ಲಿ ನೋಡೋಕೆ ಏನೂ ಇಲ್ಲ. ಬೆಟ್ಟದ ತುದಿಯ ಬಂಡೆಗಳು ಒಟ್ಟಾಗಿ ಮುದುಕನ ಮುಖದ ಹಾಗೆ ಕಾಣುತ್ತಿದ್ದವು. ಆ ರಾಜ್ಯದ ಗುರುತೇ ಅದು, ರಸ್ತೆಯ ನಂಬರ್ ಫಲಕದ ಮೇಲೆ ಇವತ್ತಿಗೂ ಅದೇ ಮುಖ. ದಶಕಗಳ ಕಾಲ ಕಬ್ಬಿಣದ ಸರಳು, ಕೇಬಲ್, ಸಿಮೆಂಟು ಹಾಕಿ ಹಿಡಿದಿಟ್ಟಿದ್ದರು. 2003ರ ಮೇ 3ರಂದು ಕುಸಿಯಿತು. ಈಗ ಕೆರೆಯ ದಡದಲ್ಲಿ ಸ್ಟೀಲಿನ ಕಂಬಗಳನ್ನು ನೆಟ್ಟಿದ್ದಾರೆ. ನಿಮ್ಮ ಎತ್ತರಕ್ಕೆ ಗುರುತು ಮಾಡಿದ ಜಾಗದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ಕಂಬದ ತುದಿ ನೋಡಿದರೆ, ಅದರ ಉಬ್ಬುತಗ್ಗು ಆಚೆಯ ಬೆಟ್ಟದ ಅಂಚಿಗೆ ಕೂಡಿಕೊಂಡು ಮುಖ ವಾಪಸ್ ಬರುತ್ತೆ. ಒಂದಿಂಚು ಅಲ್ಲಾಡಿದರೆ ಮಾಯ. ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಇದು ಅದ್ಭುತ ಕೆಲಸ. ಪ್ಲಾಸ್ಟಿಕ್ಕಿನ ಮುಖ ಮಾಡಿ ಅಂಟಿಸಲಿಲ್ಲ. ಹೋಗಿದ್ದು ಹೋಯಿತು ಅಂತ ಒಪ್ಪಿಕೊಂಡು, ಎಲ್ಲಿತ್ತು ಅಂತ ಮಾತ್ರ ತೋರಿಸಿದರು.

ಅಲ್ಲಿಂದ ಪೂರ್ವಕ್ಕೆ ಕಾಂಕಮಾಗಸ್ ಹೆದ್ದಾರಿ. ಕಾರಿನಲ್ಲಿ ಹೋಗುವವರಿಗೆ ಈ ಕಡೆಯ ಅತಿ ಪ್ರಸಿದ್ಧ ರಸ್ತೆ. ತಿರುವಿಗೊಂದು ವ್ಯೂ ಪಾಯಿಂಟು. ಮೂರು ಕಡೆ ಇಳಿದೆವು. ಮೂರರಲ್ಲೂ ಅದೇ ಕಲ್ಲಿನ ಕಟ್ಟೆ, ಅದೇ ಬೆಟ್ಟದ ಸಾಲು, ಅದೇ ಬೆಟ್ಟದ ಹೆಸರಿನ ಫಲಕ. ನಾಲ್ಕನೆಯದಕ್ಕೆ ಇಳಿಯಲಿಲ್ಲ. ಇದೇ ರಸ್ತೆಯಲ್ಲಿ ಬಣ್ಣ ಬಳಿಯದ ಒಂದು ಹಳೇ ಮರದ ಮನೆ ಇದೆ, ರಸೆಲ್ ಕೋಲ್ಬಾತ್ ಮನೆ. 1891ರಲ್ಲಿ ಥಾಮಸ್ ಕೋಲ್ಬಾತ್, ಸ್ವಲ್ಪ ಹೊತ್ತಿನಲ್ಲಿ ಬರ್ತೀನಿ ಅಂತ ಹೆಂಡತಿ ರೂತ್‌ಗೆ ಹೇಳಿ ಹೋದ. ಬರಲಿಲ್ಲ. ಅವಳು ದಿನಾ ರಾತ್ರಿ ಕಿಟಕಿಯಲ್ಲಿ ದೀಪ ಇಟ್ಟಳು, 39 ವರ್ಷ. ಊರು ಖಾಲಿಯಾಗುತ್ತಾ ಹೋದರೂ ಅವಳು ಕದಲಲಿಲ್ಲ. 1930ರಲ್ಲಿ ತೀರಿಕೊಂಡಳು. 1933ರಲ್ಲಿ ಅವನು ಬಂದ.

ನನ್ನವಳು ಕಿಟಕಿಯನ್ನೇ ನೋಡುತ್ತಾ, "ಇಷ್ಟು ವರ್ಷ ಆದ್ಮೇಲೆ ಯಾಕೆ ಬಂದನಂತೆ?" ಅಂದಳು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆ ಕಾಡಿನ ಒಳಗೆ ಒಂದು ಊರಿತ್ತು ಅಂತ ಹೇಳೋಕೆ ಉಳಿದಿರುವುದು ಈ ಮನೆ ಮತ್ತು ಹತ್ತಿರದ ಚಿಕ್ಕ ಸ್ಮಶಾನ. ನಾವು ಇದ್ದ ಅರ್ಧ ಗಂಟೆಯಲ್ಲಿ ನಮ್ಮದೂ ಸೇರಿ ಮೂರು ಕಾರು. ವ್ಯೂ ಪಾಯಿಂಟಿನಲ್ಲಿ ನಿಲ್ಲಿಸೋಕೆ ಜಾಗ ಇರಲಿಲ್ಲ. ಇದನ್ನೂ ಪ್ರಾಮಾಣಿಕವಾಗಿ ತಮ್ಮನಿಗೆ ಬರೆದುಕೊಂಡೆ.

ಆದರೆ ಇಲ್ಲೊಂದು ಮುಳ್ಳಿದೆ. ಕಾಂಕಮಾಗಸ್ ಅನ್ನೋದು ಒಬ್ಬ ಮನುಷ್ಯನ ಹೆಸರು. ಪೆನಕುಕ್ ಜನರ ಕೊನೆಯ ಮುಖ್ಯಸ್ಥ; ಬಿಳಿಯರ ಜೊತೆ ಕಾದಾಡಿ, ಕೊನೆಗೆ ಉಳಿದವರನ್ನು ಕಟ್ಟಿಕೊಂಡು ಉತ್ತರಕ್ಕೆ ಹೋದವನು. ರೂತ್ ಇದ್ದ ಊರಿಗೆ ಅವನ ತಾತ ಪಾಸಕಾನವೇಯ ಹೆಸರು. ನೆಲ ಹೋಯಿತು, ಹೆಸರು ರಸ್ತೆಗೆ ಬಂತು. ಕಲ್ಲುಗೋಡೆಯನ್ನು ನೋಡಿ ನನ್ನ ಕರುಳು ಚುರ್ ಅಂದದ್ದು ನಿಜ, ಆದರೆ ನನ್ನ ಕತೆಯೂ ರೈತನಿಂದ ಶುರುವಾಗಿತ್ತು. ರೈತನಿಗಿಂತ ಮುಂಚಿನವರು ನನ್ನ ಬೋರ್ಡಿನಲ್ಲೂ ಇರಲಿಲ್ಲ.

ಕೊನೆಯದು ಮೇಯ್ನ್‌ನ ಅಕೇಡಿಯಾ ರಾಷ್ಟ್ರೀಯ ಉದ್ಯಾನ. ಕ್ಯಾಡಿಲಾಕ್ ಬೆಟ್ಟ, 1,530 ಅಡಿ, ಮುಳ್ಳಯ್ಯನಗಿರಿಯ ಕಾಲು ಭಾಗವೂ ಇಲ್ಲ. ಆದರೂ ಚಳಿಗಾಲದ ತಿಂಗಳುಗಳಲ್ಲಿ ದೇಶದಲ್ಲೇ ಮೊದಲು ಸೂರ್ಯ ಕಾಣುವುದು ಇಲ್ಲಿ. ಕಾರಿನಲ್ಲಿ ಹತ್ತೋಕೆ 2021ರಿಂದ ಸೀಸನ್ನಿನಲ್ಲಿ ಮೊದಲೇ ಬುಕ್ ಮಾಡಬೇಕು. ಕಂಬಳಿ ಹೊದ್ದ ಇನ್ನೂರು ಜನ ಕತ್ತಲಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತದ್ದು ಒಂದು ಥರ ಜಾತ್ರೆಯೇ. ಸೂರ್ಯ ಬಂದ, ಚಪ್ಪಾಳೆ ಹೊಡೆದರು, ಐದು ನಿಮಿಷದಲ್ಲಿ ಕಾರುಗಳು ಸ್ಟಾರ್ಟ್ ಆದವು. ಕೆಳಗೆ ರಾಕ್‌ಫೆಲರ್ ತನ್ನ ದುಡ್ಡಿನಲ್ಲಿ ಮಾಡಿಸಿದ ಕುದುರೆಗಾಡಿ ರಸ್ತೆಗಳಿವೆ, ಉದ್ಯಾನದೊಳಗೆ 45 ಮೈಲಿ, ಮುದ್ದಾದ ಕಲ್ಲಿನ ಸೇತುವೆಗಳು. ರಸ್ತೆಯ ಅಂಚಿಗೆ ಇಟ್ಟ ಗ್ರಾನೈಟ್ ಚಪ್ಪಡಿಗಳಿಗೆ 'ರಾಕ್‌ಫೆಲರನ ಹಲ್ಲು' ಅಂತಾರೆ. ಬ್ಯಾರಿ ನೋಡಿ ಬಂದ ಕಣ್ಣಿಗೆ ಆ ಹೆಸರು ಅಷ್ಟು ತಮಾಷೆ ಅನ್ನಿಸಲಿಲ್ಲ. ಹಲ್ಲು ಅವನದಂತೆ, ಕೆತ್ತಿದ ಕೈ?

ವಾಪಸ್ ಬಂದ ಮೇಲೆ ತಮ್ಮನಿಗೆ ಎಪ್ಪತ್ತು ಫೋಟೋ ಕಳಿಸಿದೆ. ಜೊತೆಗೆ ಉದ್ದದ ಒಂದು ಮೆಸೇಜು: ಬದುಗಳನ್ನು ಸಪಾಟು ಮಾಡಬೇಡ, ಏಳೂ ಗದ್ದೆ ಮೆಟ್ಟಿಲಾಗೇ ಇರಲಿ, ಒಂದೊಂದರ ಹೆಸರು ಬರೆದು ನೆಡು, ಕಣದ ಜಾಗಕ್ಕೆ ಡೆಕ್ಕು ಹಾಕಬೇಡ, ಇಲ್ಲಿ ಯಾರು ಏನು ಬೆಳೀತಿದ್ದರು, ಯಾಕೆ ಬಿಟ್ಟರು ಅಂತ ಬಂದವರಿಗೆ ಗೊತ್ತಾಗಲಿ.

ಅವನ ಉತ್ತರ ಎರಡು ನಿಮಿಷದಲ್ಲಿ ಬಂತು. "ಅಣ್ಣ, ನಾನು ವ್ಯೂ ಪಾಯಿಂಟ್ ಕೇಳಿದ್ರೆ ನೀನು ಬರೀ ಕಲ್ಲಿನ ಫೋಟೋ ಕಳಿಸಿದೀಯ. ಪಾಳು ಗದ್ದೆ ನೋಡೋಕೆ ದುಡ್ಡು ಕೊಟ್ಟು ಯಾರು ಬರ್ತಾರೆ? ಜೆಸಿಬಿಯವನಿಗೆ ಭಾನುವಾರ ಬಾ ಅಂದಿದೀನಿ." ಮೂರು ಕಾರು ನೆನಪಾಯಿತು. ಅವನು ಹೇಳಿದ್ದು ಸುಳ್ಳಲ್ಲ. ಊರಲ್ಲಿ ಇರೋನು ಅವನು, ನಾನಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಮೇಲ್ಗದ್ದೆಯ ಬದು ಕಟ್ಟಿದ್ದು ತಾತನಾ, ಅವರಪ್ಪನಾ ಅಂತ ಕೇಳಿದೆ. ಅಪ್ಪ ನಕ್ಕರು.

"ನಾವೆಲ್ಲಿ ಕಟ್ಟಿದ್ವೋ? ನಿಮ್ ತಾತ ಛತ್ರಿ ಹಿಡ್ಕೊಂಡು ಅಂಚಲ್ಲಿ ನಿಲ್ಲೋರು. ಕಟ್ಟಿದ್ದು ಕೆಳಗಿನ ಕೇರಿಯೋರು."

"ಯಾರ್ಯಾರು?"

ಅಪ್ಪ ಮೂರು ಹೆಸರು ಹೇಳಿದರು. ನಾಲ್ಕನೆಯವನ ಹೆಸರು ನಾಲಿಗೆ ತುದಿಯಲ್ಲಿದೆ ಅಂದರು, ಸ್ವಲ್ಪ ಹೊತ್ತು ಯೋಚನೆ ಮಾಡಿದರು, ನಿಮ್ಮಜ್ಜಿ ಇದ್ದಿದ್ರೆ ಹೇಳೋರು ಅಂದರು. ಆ ಮನೆಯವರೆಲ್ಲ ಈಗ ಎಲ್ಲಿದ್ದಾರೆ ಅಂದೆ. ಒಂದು ಮನೆ ಹಾಸನದಲ್ಲಿ, ಉಳಿದೋರು ಬೆಂಗಳೂರು ಕಡೆ ಇರಬೇಕು, ಸರಿಯಾಗಿ ಗೊತ್ತಿಲ್ಲ ಅಂದರು.

ಮೂರು ಹೆಸರನ್ನು ಫೋನಿನಲ್ಲಿ ಬರೆದುಕೊಂಡೆ. ತಮ್ಮನಿಗೆ ಭಾನುವಾರ ಬೇಡ, ಒಂದು ವಾರ ತಡಿ ಅಂತ ಮೆಸೇಜ್ ಹಾಕಿದೆ. ಎರಡು ನೀಲಿ ಟಿಕ್ಕು ಬಂದಿದೆ. ಉತ್ತರ ಇನ್ನೂ ಬಂದಿಲ್ಲ.